ಹೊರಬೀಡು

ರೋಗದ ಕಾರಣ ಹೇಳುವುದು ವೈದ್ಯರ ಕೆಲಸ, ರೋಗಿಯ ಪಕ್ಕ ಕೂರುವುದು ಧರ್ಮದ ಕೆಲಸ. ಪಕ್ಕ ಕೂರಬಾರದ ರೋಗ ಬಂದಾಗ ಧರ್ಮವೂ ಅಕ್ಷರಾಭ್ಯಾಸದಿಂದ ಶುರುಮಾಡಬೇಕಾಯಿತು.

ದುಗ್ಗಮ್ಮನ ಜಾತ್ರೆಯೆಂದರೆ ದಾವಣಗೆರೆಯಲ್ಲಿ ಕಾಲಿಡಲು ಜಾಗವಿರದು. 2020ರ ಮಾರ್ಚ್ 25ರ ಯುಗಾದಿಗೆ ಕೋವಿಡ್ ಲಾಕ್‌ಡೌನ್, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಜನ ಸೇರಿದಾಗ ಭಕ್ತಿ ಕಾಣುತ್ತದೆ, ಸೇರದಿದ್ದಾಗ ತೂಗುತ್ತದೆ.

ಹಿಂದೆ ಊರಿಗೆ ಬೇನೆ ಬಂದರೆ ಜನ ಮನೆ ಬಿಟ್ಟು ಹೊಲದಲ್ಲಿ ಹೊರಬೀಡು ಹೂಡುತ್ತಿದ್ದರು. ಈ ಸಲ ಮನೆಯೊಳಗೇ ಬೀಡು. ದಿಕ್ಕು ತಿರುಗಿತು, ವಿವೇಕ ಅದೇ.

ಅಮ್ಮ ಬಂದ ಮನೆಗೆ ಬೇವು ಕಟ್ಟಿ, ಒಗ್ಗರಣೆ ನಿಲ್ಲಿಸಿ, ಹೊರಗಿನವರನ್ನು ತಡೆದ ಅಜ್ಜಿಗೆ ವೈರಾಣು ಗೊತ್ತಿರಲಿಲ್ಲ. ಆದರೂ ಸಿಡುಬನ್ನು ಲೋಕದಿಂದಲೇ ಅಟ್ಟಿದ್ದು ಲಸಿಕೆ. 1980ರಲ್ಲಿ ಅದು ಘೋಷಣೆಯಾಯಿತು. ಅಜ್ಜಿಯನ್ನು ಗೌರವಿಸಲು ಇಷ್ಟನ್ನು ಮರೆಯಬೇಕಿಲ್ಲ.

ಮಾರಿಯನ್ನು ಗಡಿ ದಾಟಿಸಿ ನಿಟ್ಟುಸಿರು ಬಿಡುತ್ತೇವೆ. ಗಡಿಯಾಚೆಯೂ ಊರಿದೆ.

ಪಿಡುಗಿರುವ ಊರಿಗೆ ಹೋಗಬೇಡ, ಅಲ್ಲೇ ಇದ್ದರೆ ಬಿಟ್ಟು ಓಡಬೇಡ ಎಂಬುದು ಪ್ರವಾದಿ ಮುಹಮ್ಮದರ ಬೋಧನೆ. ಮೊದಲರ್ಧ ತನ್ನನ್ನು ಕಾಯುತ್ತದೆ, ಉಳಿದರ್ಧ ಎಂದೂ ಕಾಣದವರನ್ನು. ಕಷ್ಟದ್ದು ಉಳಿದರ್ಧವೇ.

ಅಂತರದಲ್ಲಿ ಎರಡು ಬಗೆ. ಎದುರಿನವನು ಬದುಕಲಿ ಎಂಬುದೊಂದು, ಎದುರಿನವನು ಮೈಲಿಗೆ ಎಂಬುದೊಂದು. ಅಳತೆಪಟ್ಟಿಗೆ ಎರಡೂ ಆರಡಿ.

ಹರಿಹರದಲ್ಲಿರುವ 1224ರ ಹರಿಹರೇಶ್ವರ ಗುಡಿಯಲ್ಲಿ ಒಂದೇ ವಿಗ್ರಹ: ಬಲಕ್ಕೆ ಲಯಕರ್ತ ಶಿವ, ಎಡಕ್ಕೆ ಪಾಲಕ ವಿಷ್ಣು. ಸಾವು ಬದುಕುಗಳಿಗೆ ಬೇರೆ ಬೇರೆ ಗುಡಿ ಕಟ್ಟಿಕೊಂಡವರಿಗೆ ಕೋವಿಡ್‌ನ ಎರಡು ವರ್ಷ ಹೆಚ್ಚು ಭಾರವಾದವು.

ಅದೇ ಹರಿಹರದಲ್ಲಿ ಆರೋಗ್ಯ ಮಾತೆಯ ಚರ್ಚು. ಅಲ್ಲಿ ಮೇಣದಬತ್ತಿ ಹಚ್ಚುವ ಕೈಗಳಲ್ಲಿ ಹಸಿರು ಬಳೆಗಳೂ ಇರುತ್ತವೆ. ಜ್ವರ ಬಂದ ಮಗುವಿನ ತಾಯಿ ದೇವರ ಕುಲ ಕೇಳುವುದಿಲ್ಲ.

ಪೂಜೆ ನಿಂತರೆ ದೇವರಿಗೆ ನಷ್ಟವಿಲ್ಲ, ದಾಸೋಹ ನಿಂತರೆ ಹಸಿದವನಿಗೆ ಉಂಟು. ಬಸವಣ್ಣನ ನಾಡಿನಲ್ಲಿ ಇದನ್ನು ಹೇಳಬೇಕಿರಲಿಲ್ಲ. ಹೇಳಬೇಕಾಯಿತು.

ಸತ್ತ ಮಗುವಿಗೆ ಮದ್ದೆಂದು ಬುದ್ಧ ಕೇಳಿದ ಸಾಸಿವೆಗಾಗಿ ಕಿಸಾಗೋತಮಿ ಅಲೆದಳು, ಸಾವು ಕಾಣದ ಮನೆ ಸಿಗಲಿಲ್ಲ. 2021ರ ಮೇ ತಿಂಗಳಲ್ಲಿ ಅಲೆಯುವ ಅಗತ್ಯವಿರಲಿಲ್ಲ, ಸಾವೆಲ್ಲ ಮೊಬೈಲಿಗೇ ಬರುತ್ತಿತ್ತು. ಅವಳಿಗೆ ದಕ್ಕಿದ ಸಮಾಧಾನ ಮಾತ್ರ ಬರಲಿಲ್ಲ. ಅವಳು ತಟ್ಟಿದ ಪ್ರತಿ ಬಾಗಿಲ ಹಿಂದೆ ಅತ್ತು ಮುಗಿಸಿದ ಒಬ್ಬರಿದ್ದರು.

2020ರ ಏಪ್ರಿಲ್‌ನಲ್ಲಿ ಕೆಲವರು ರೋಗಕ್ಕೆ ಧರ್ಮ ಹುಡುಕಿದರು. ಮರುವರ್ಷ ಹೆಣಕ್ಕೆ ಹೆಗಲು ಹುಡುಕಬೇಕಾಯಿತು. ಕರ್ನಾಟಕದ ಹಲವು ಊರುಗಳಲ್ಲಿ ಮುಂದೆ ಬಂದವರು ಮುಸ್ಲಿಂ ತರುಣರು. ಚಿತೆಯೋ ಗೋರಿಯೋ, ಸತ್ತವರ ಕ್ರಮದಂತೆಯೇ ನಡೆಸಿದರು.