ಬನ್ನಿಯ ದಿನದ ನಗೆ



ವಿಜಯದಶಮಿಯ ಸಾಯಂಕಾಲ ಸಿಂಧನೂರು ತಾಲೂಕಿನ ಸಾಲಗುಂದದಂಥ ಊರಿನಲ್ಲಿ ಬಾಗಿಲಿಕ್ಕಿದ ಮನೆ ಅಪರೂಪ. ಬನ್ನಿಮರಕ್ಕೆ ಹೋಗಿಬಂದವರು ಮೊದಲು ದೇವರಿಗೆ, ಬಳಿಕ ಹಿರಿಯರಿಗೆ, ಅನಂತರ ಬಂಧುಬಳಗದ ಮನೆಮನೆಗೂ ಬನ್ನಿ ಕೊಡುತ್ತ, ಬಂಗಾರದ ಹಾಗಿರೋಣವೆಂದು ಹೇಳುತ್ತ ನಡೆಯುವರು. ಬೆಳಗಿನಿಂದ ಹೋಳಿಗೆಯ ಒಲೆ, ಮಧ್ಯಾಹ್ನ ಬೀಗರ ಪಂಕ್ತಿ, ಸಂಜೆ ಹತ್ತು ಮನೆಗಳ ಚಹಾ. ಉಸಿರಾಡಲೂ ಬಿಡುವಿಲ್ಲದ ದಿನವದು.

ಆ ಗುಂಪಿನಲ್ಲಿ ಒಂದು ದಂಪತಿಯನ್ನು ಭಾವಿಸಿಕೊಳ್ಳಿರಿ. ತಿಂಗಳಿಂದ ಅವರ ನಡುವೆ ನೇರವಾದ ಮಾತಿಲ್ಲ. ಇರುವ ಮಾತೆಲ್ಲವೂ ಮಕ್ಕಳ ಮೂಲಕ: "ನಿಮ್ಮಪ್ಪಗ ಊಟಕ್ಕ ಬಾ ಅನ್ನು." ಆದರೂ ಆ ದಿನ ಇಬ್ಬರೂ ಹೊಸ ಬಟ್ಟೆಯುಟ್ಟು, ಒಟ್ಟಾಗಿ ಮನೆಮನೆಯ ಹೊಸ್ತಿಲು ದಾಟುವರು, ನಗುವರು, ಹಿರಿಯರ ಪಾದ ಮುಟ್ಟುವರು. ಈ ನಗೆ ಕಪಟವೋ, ಕರ್ತವ್ಯವೋ? ನೀವೇ ಆ ಗಂಡನೋ ಹೆಂಡತಿಯೋ ಆಗಿದ್ದರೆ ಏನು ಮಾಡುತ್ತಿದ್ದಿರಿ?

ಸುಳ್ಳೆಂದು ಒಮ್ಮೆಲೇ ತೀರ್ಪು ಕೊಡುವುದು ಸುಲಭ. ಆದರೆ ಪರರನ್ನು ವಂಚಿಸಿ ಲಾಭ ಪಡೆಯುವುದು ಬೇರೆ, ಎಂಬತ್ತು ವರ್ಷದ ಅಜ್ಜಿಯ ಹಬ್ಬವನ್ನು ಕೆಡಿಸದಿರುವುದು ಬೇರೆ. ತನ್ನ ಮನೆಯ ಕಹಿಯನ್ನು ಅನ್ಯರ ಎಲೆಗೆ ಬಡಿಸದವನನ್ನು ಕಪಟಿಯೆಂದು ಕರೆಯಲು ನನಗೆ ಮನಸ್ಸು ಬಾರದು. ಹಲವೊಮ್ಮೆ ಆ ಒಂದು ದಿನದ ಜೊತೆನಡಿಗೆಯೇ ಬಿಗಿದ ಗಂಟನ್ನು ತುಸು ಸಡಿಲಿಸುವುದೂ ಉಂಟು.

ಆದರೆ ಈ ನಗೆಯ ಭಾರವನ್ನು ಹೊರುವವರಾರು ಎಂಬುದು ವಿಚಾರಣೀಯ. ಒಲೆಯ ಮುಂದೆ ಬೆಂದವಳು ಅವಳು. ಮುಖ ತೊಳೆದು ನಗೆ ಹಚ್ಚಿಕೊಂಡು ಹೊರಡುವವಳೂ ಅವಳೇ. ತವರಿನ ಪಡಸಾಲೆಯಲ್ಲಿ ತಾಯಿ, "ಯಾಕವ್ವಾ, ಸೊರಗೀದಿ?" ಎಂದು ಕೇಳುವಳು. "ಏನಿಲ್ಲ ಬಿಡವ್ವಾ, ಕೆಲಸ ಭಾಳ" ಎಂಬುದೇ ಉತ್ತರ. ಮುಂದೊಂದು ದಿನ ಅವಳು ಬಾಯಿ ಬಿಟ್ಟಾಗ, ಪಂಚಾಯ್ತಿಗೆ ಕುಳಿತ ಹಿರಿಯರು ಅದೇ ನಗೆಯನ್ನು ಸಾಕ್ಷಿಯಾಗಿ ಎತ್ತುವರು: ಬನ್ನಿಯ ದಿನ ಚೆನ್ನಾಗಿಯೇ ಇದ್ದೆಯಲ್ಲ! ಇತರರ ಸಂತೋಷಕ್ಕಾಗಿ ಕೊಟ್ಟ ನಗೆ ಹೀಗೆ ಕೊಟ್ಟವಳಿಗೇ ಉರುಳಾಗುತ್ತದೆ. ಹೊಂದಿಕೊಂಡು ಹೋಗು ಎಂಬ ಬುದ್ಧಿವಾದವೂ ಬಹುಮಟ್ಟಿಗೆ ಒಬ್ಬರಿಗೇ ಮೀಸಲಾಗಿರುವುದನ್ನು ನೀವು ಬಲ್ಲಿರಿ.

ಇಲ್ಲಿ ನಮ್ಮ ಸೀಮೆಯ ಒಂದು ದಾಂಪತ್ಯ ನೆನಪಾಗುತ್ತದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರು ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆಂದು ಪರಂಪರೆ ಹೇಳುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದನು. ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಆಸೆಯ ಅಕ್ಕಿ ನಮಗೆ ಬೇಡ, ಅಲ್ಲಿಯೇ ಸುರಿದು ಬನ್ನಿರೆಂದಳು. ಜಂಗಮ ದಾಸೋಹ ನಿತ್ಯವೂ ನಡೆಯುತ್ತಿದ್ದ ಮನೆಯದು. ಅತಿಥಿಗಳ ನೆಪದಲ್ಲಿ ಸುಮ್ಮನಿರಲು ಅವಳಿಗೆ ಕಾರಣ ಬೇಕಾದಷ್ಟಿತ್ತು. ಅವಳು ಗಂಡನನ್ನು ಊರ ಮುಂದೆ ಹಳಿಯಲೂ ಇಲ್ಲ, ಹೊಸ್ತಿಲೊಳಗೆ ಮೌನ ತಾಳಲೂ ಇಲ್ಲ. ಆತನೂ ಅಭಿಮಾನ ಹಿಡಿದು ಕೂರದೆ ಹಿಂದಿರುಗಿ ಹೋದನು. ಮದುವೆಯ ಭಾಷಣಗಳಲ್ಲಿ ಲಕ್ಕಮ್ಮನನ್ನು ಆದರ್ಶ ಪತ್ನಿಯೆಂದು ಹೊಗಳುವವರು, ಅವಳು ಗಂಡನನ್ನು ತಿದ್ದಿಯೇ ಹೆಸರಾದವಳೆಂಬುದನ್ನು ಮರೆಯುತ್ತಾರೆ! ಅಷ್ಟು ಕಟುವಾಗಿ ನುಡಿದವಳ ವಚನಾಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ತಿದ್ದಿದವನ ಹೆಸರನ್ನು ಅವಳು ತನ್ನ ಅಂಕಿತದಲ್ಲಿಯೇ ಇಟ್ಟುಕೊಂಡಿದ್ದಾಳೆ.

ಎಲ್ಲ ಮನೆಗಳಲ್ಲಿಯೂ ಮಾರಯ್ಯನಂಥ ಕಿವಿ ಇರುವುದಿಲ್ಲ, ನಿಜ. ಮಾತಿಗೆ ಪ್ರತಿಯಾಗಿ ಕೈ ಏಳುವ ಮನೆಗಳಿವೆ. ಅಲ್ಲಿ ನಗೆಯ ಪ್ರಶ್ನೆಯೇ ಬೇರೆ. ಏಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬನ್ನಿ ಹಂಚುವುದನ್ನು ಮರ್ಯಾದೆಯೆಂದು ಕರೆಯುವುದು ಮರ್ಯಾದೆ ಎಂಬ ಮಾತಿಗೇ ಅಪಚಾರ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯು ಹೆಣ್ಣಿಗೆ ರಕ್ಷಣೆಯನ್ನು ಮಾತ್ರವಲ್ಲ, ತಾನು ಬಾಳಿದ ಮನೆಯಲ್ಲಿ ಉಳಿಯುವ ಹಕ್ಕನ್ನೂ ಕೊಟ್ಟಿದೆ. ಆ ಮನೆಗೆ ಬನ್ನಿ ಕೊಡಲು ಹೋದ ನೀವು ಸೆರಗಿನಂಚಿನ ಕಲೆಯನ್ನು ಕಂಡೂ ಚಹಾ ಕುಡಿದು ಬಂದರೆ, ಕಪಟದ ಪಾಲು ನಿಮಗೂ ಸಲ್ಲುತ್ತದೆ.

ಮತ್ತೆ ನಮ್ಮ ಆ ದಂಪತಿಗೆ ಬರೋಣ. ಅಲ್ಲಿ ಕೈ ಎದ್ದಿಲ್ಲ. ಬಿರುಸಾದ ಒಂದು ಮಾತು, ಅದರ ಹಿಂದೆ ಬೆಳೆದ ಮೌನ, ಅಷ್ಟೆ. ರಾತ್ರಿ ಹತ್ತಾಗಿದೆ. ಮಕ್ಕಳು ಹೊಸ ಅಂಗಿಯಲ್ಲಿಯೇ ನಿದ್ದೆ ಹೋಗಿದ್ದಾರೆ. ಊರಿಗೆಲ್ಲ ಹಂಚಿ ಉಳಿದ ನಾಲ್ಕು ಬನ್ನಿಯೆಲೆಗಳು ಹರಿವಾಣದಲ್ಲಿವೆ. ಇಡೀ ದಿನ ಪರಸ್ಪರರಿಗೆ ಬನ್ನಿ ಕೊಡದೆ ಉಳಿದವರು ಅವರಿಬ್ಬರೇ. ಕಿರಿಯರು ಹಿರಿಯರಿಗೆ, ಹೆಂಡತಿ ಗಂಡನಿಗೆ ಮೊದಲು ಕೊಡಬೇಕೆಂಬುದು ರೂಢಿ. ಆದರೆ ಆ ಬಿರುಸು ಮಾತನ್ನು ಆಡಿದವನು ಅವನು. ಈ ರಾತ್ರಿ ಹರಿವಾಣದತ್ತ ಮೊದಲು ಕೈ ಚಾಚಬೇಕಾದವನೂ ಅವನೇ ಎಂದು ನನಗೆ ತೋರುತ್ತದೆ.