ಹದಿಬದೆಯ ಧರ್ಮ: ನಿಷ್ಠೆ ಯಾರ ವ್ರತ?

ದಾಂಪತ್ಯನಿಷ್ಠೆಯನ್ನು ಕುರಿತ ಹಳೆಯ ಕನ್ನಡ ಕೃತಿಗಳಲ್ಲಿ ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’ದ ಸ್ಥಾನವೇ ಬೇರೆ. ಪತಿವ್ರತೆ ಹೇಗಿರಬೇಕೆಂದು ಇಲ್ಲಿ ಹೇಳುತ್ತಿರುವವಳು ಹೆಣ್ಣು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗ ಅವಳದು. ಅವಳ ಗುರು ಅಳಸಿಂಗರಾರ್ಯ. ಕಾವ್ಯವಿರುವುದು ಸಾಂಗತ್ಯದಲ್ಲಿ. ಹಾಡಿಕೊಳ್ಳಲು ಒಗ್ಗುವ ಈ ದೇಸಿ ಮಟ್ಟು ಓದು ಬಾರದವರ ಕಿವಿಗೂ ಮುಟ್ಟುತ್ತದೆ. ಬೆಂಗಳೂರಿನ ಚಾಮರಾಜಪೇಟೆಯ ಬಳಿಯ ಕೋಟೆ ವೆಂಕಟರಮಣಸ್ವಾಮಿ ದೇವಾಲಯ ಚಿಕ್ಕದೇವರಾಜರದೇ. ಆ ಗುಡಿಯನ್ನು ಕಟ್ಟಿಸಿದ ಶ್ರೀವೈಷ್ಣವ ಶ್ರದ್ಧೆ ಹೊನ್ನಮ್ಮನ ಸುತ್ತಲೂ ಇತ್ತು.

ಗಂಡನೇ ದೈವ, ಅವನ ಸೇವೆಯೇ ವ್ರತ ಎಂಬ ಸ್ಮೃತಿಪುರಾಣಗಳ ಮಾತನ್ನು ಹೊನ್ನಮ್ಮ ಅಲ್ಲಗಳೆಯುವುದಿಲ್ಲ. ಅಷ್ಟೇ ಆಗಿದ್ದರೆ ಅವಳದು ಹತ್ತರಲ್ಲಿ ಹನ್ನೊಂದನೆಯ ನೀತಿಗ್ರಂಥವಾಗುತ್ತಿತ್ತು. ಆದರೆ ಹೆಣ್ಣೆಂದು ಹೀಗಳೆಯುವವರನ್ನು ಕಂಡಾಗ ಅವಳ ದನಿ ಬದಲಾಗುತ್ತದೆ. ಹೆತ್ತು ಹೊರೆದವಳು ಹೆಣ್ಣಲ್ಲವೇ ಎಂದು ಕೇಳಿ, ಅದನ್ನು ಕಾಣದವರನ್ನು ಕುರುಡರೆನ್ನುತ್ತಾಳೆ. ಹೆಣ್ಣಿನ ಬೆಲೆ ಅವಳ ಪಾತಿವ್ರತ್ಯದಿಂದ ಹುಟ್ಟುವುದಲ್ಲ. ಅದು ಮೊದಲೇ ಇರುವುದು. ಕಾವ್ಯದ ನಿಜವಾದ ಧೈರ್ಯ ಇರುವುದು ಇಲ್ಲಿ.

ಅದೇ ಆಸ್ಥಾನದ ಸಿಂಗರಾರ್ಯ ಹರ್ಷನ ‘ರತ್ನಾವಳಿ’ಯ ಜಾಡಿನಲ್ಲಿ ‘ಮಿತ್ರವಿಂದಾ ಗೋವಿಂದ’ ನಾಟಕ ಬರೆದ. ಮಡದಿಯಿರುವ ನಾಯಕ ಇನ್ನೊಬ್ಬಳಿಗೆ ಮನಸೋಲುವುದು ಅಲ್ಲಿ ಶೃಂಗಾರದ ಸೊಗಸು. ಗಂಡಿಗೆ ಲೀಲೆ, ಹೆಣ್ಣಿಗೆ ವ್ರತ: ಒಂದೇ ಅರಮನೆ ಎರಡನ್ನೂ ಮೆಚ್ಚಿತು.

ಅದೇ ಶತಮಾನದ ಇಂಗ್ಲಿಷ್ ಪ್ರೇಮಕವಿತೆಯಲ್ಲಿ ನಿಷ್ಠೆ ವ್ರತಕ್ಕಿಂತ ಹೆಚ್ಚಾಗಿ ವಾದದ ವಸ್ತು. ಜಾನ್ ಡನ್‌ನ ಕೆಲವು ಕವಿತೆಗಳು ಚೆಲುವೂ ನಿಷ್ಠೆಯೂ ಒಬ್ಬಳಲ್ಲೇ ಇರುವುದು ಅಸಾಧ್ಯವೆನ್ನುತ್ತವೆ. ಇನ್ನು ಕೆಲವು ಅಗಲಿಕೆಯಲ್ಲೂ ಕದಲದ ಒಲವನ್ನು ಕೊಂಡಾಡುತ್ತವೆ. ಲವ್‌ಲೇಸ್‌ನ ಒಂದು ಕವಿತೆಯಲ್ಲಿ ಪ್ರಿಯಕರ ಒಂದು ರಾತ್ರಿ ಕಳೆಯುತ್ತಲೇ ಆಣೆಯಿಂದ ಬಿಡುಗಡೆ ಬಯಸುತ್ತಾನೆ. ಅನುಮಾನವೆಲ್ಲ ಹೆಣ್ಣಿನ ಮೇಲೆ, ಸ್ವಾತಂತ್ರ್ಯವೆಲ್ಲ ಗಂಡಿಗೆ. ಚಮತ್ಕಾರ ಎಷ್ಟೇ ಇದ್ದರೂ ಈ ಅಸಮತೆ ಮರೆಯಾಗದು.

ದೇವರೆದುರು ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಡನ್ ತನ್ನ ಧಾರ್ಮಿಕ ಸಾನೆಟ್ಟೊಂದರಲ್ಲಿ, ದೇವರ ವೈರಿಗೆ ನಿಶ್ಚಯವಾಗಿಹೋದ ವಧುವಿನಂತೆ ನಿಂತು ಬಿಡುಗಡೆಗಾಗಿ ಮೊರೆಯಿಡುತ್ತಾನೆ. ಕನ್ನಡದಲ್ಲಿ ಶರಣಸತಿ-ಲಿಂಗಪತಿ ಭಾವ 12ನೆಯ ಶತಮಾನದಷ್ಟು ಹಳೆಯದು. ಅಲ್ಲಿ ಗಂಡಸಾದ ಶರಣನೂ ಸತಿಯೇ. ಅಕ್ಕಮಹಾದೇವಿ ಇನ್ನೂ ಮುಂದೆ ಹೋಗಿ, ಚೆನ್ನಮಲ್ಲಿಕಾರ್ಜುನನಿಗೆ ಸಂದ ನಿಷ್ಠೆಯಿಂದಲೇ ಲೋಕದ ಗಂಡನನ್ನು ನಿರಾಕರಿಸಿದಳು. ಅವಳಲ್ಲಿ ಪಾತಿವ್ರತ್ಯ ಕಟ್ಟುಪಾಡಲ್ಲ, ಕಟ್ಟನ್ನು ಕಳಚುವ ಬಲ.

ಹೊನ್ನಮ್ಮ ಆ ದಾರಿ ಹಿಡಿಯಲಿಲ್ಲ. ಅವಳ ಸತಿ ಮನೆಯೊಳಗಿದ್ದೇ, ಅತ್ತೆ ಮಾವ ನಂಟರ ನಡುವೆಯೇ ಧರ್ಮ ಸಾಧಿಸಬೇಕಾದವಳು. ನಿಷ್ಠೆ ಅದನ್ನು ಪಾಲಿಸುವವರ ಆತ್ಮಬಲವೆಂದಾದರೆ ಗಂಡಸಿಗೂ ಅದು ಬೇಡವೇಕೆ? ಹೆಣ್ಣಿನ ಪರವಾಗಿ ಅಷ್ಟು ಖಾರವಾಗಿ ಮಾತಾಡಿದವಳ ಕಾವ್ಯ ಓದುಗನನ್ನು ಈ ಪ್ರಶ್ನೆಯವರೆಗೆ ತರುತ್ತದೆ. ಆದರೆ ಸತಿಗೆ ಹೇಳಿದ ವ್ರತವನ್ನು ಅದು ಪತಿಗೆ ವಿಧಿಸುವುದಿಲ್ಲ.