ಮಣ್ಣಿನ ಹೊದಿಕೆ

ಮನೆಯ ಮುಂದಿನ ಹೂವಿನ ಪಾತಿಗೆ ಒಮ್ಮೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿಸಿದ್ದೆ. ಕಳೆ ಬಾರದು, ತೇವ ಆರದು, ವರ್ಷ ವರ್ಷ ಹೊಸದು ಹಾಕುವ ರಗಳೆಯೂ ಇಲ್ಲ. ಮೇಲೆ ಬಿಳಿ ಕಲ್ಲು ಸುರಿದಾಗ ಅಂಗಳ ಚಿತ್ರದಂತೆ ಕಂಡಿತು. ಅತ್ತೆ ಮಾತ್ರ, "ಮಣ್ಣಿಗೆ ಉಸಿರು ಬೇಡವೇನೆ?" ಎಂದರು.

ಅವರು ಶಿರಸಿಯ ಕಡೆಯವರು. ಅಲ್ಲಿ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಪದ್ಧತಿಯುಂಟು. ಬೆಟ್ಟದ ಸೊಪ್ಪು, ತರಗೆಲೆ ತೋಟಕ್ಕೆ ಹೊದಿಕೆಯಾಗಿ, ಕೊಳೆತು, ಕೊನೆಗೆ ತೋಟದ ಮಣ್ಣೇ ಆಗುತ್ತವೆ. ನಾನೋ, ಕೊಳೆಯದಿರುವುದೇ ದೊಡ್ಡ ಗುಣವೆಂದು ನಂಬಿದ್ದೆ.

ಮೂರನೆಯ ಬೇಸಿಗೆಗೆ ಹಾಳೆಯ ಅಂಚು ಬಿಸಿಲಿಗೆ ಚಿಂದಿಯಾಯಿತು. ಕಲ್ಲುಗಳ ನಡುವಿನ ಧೂಳಿನಲ್ಲೇ ಗರಿಕೆ ಬೇರೂರಿತ್ತು. ಎತ್ತಿ ನೋಡಿದರೆ ಮಣ್ಣು ಗಟ್ಟಿ. ಎರೆಹುಳು ಒಂದೂ ಇಲ್ಲ.

ಈಗ ಮಾವಿನ ತರಗೆಲೆಯನ್ನು 3 ಅಂಗುಲ ದಪ್ಪಕ್ಕೆ, ಗಿಡದ ಬುಡಕ್ಕೆ ತಾಗದಂತೆ ಹಾಸುತ್ತೇನೆ. ಮಳೆಗಾಲ ಕಳೆಯುವಷ್ಟರಲ್ಲಿ ಅದು ಕರಗಿರುತ್ತದೆ, ಮತ್ತೆ ಹಾಸಬೇಕು. ನೀರಿಲ್ಲದ ಊರಿನ ತರಕಾರಿ ಬೆಳೆಗಾರ ಪ್ಲಾಸ್ಟಿಕ್ ಹಾಸಿದರೆ ತಪ್ಪೆನ್ನಲಾರೆ. ಅವನದು ಹೊಟ್ಟೆಪಾಡು; ನನ್ನದು ಬರೀ ಸೋಮಾರಿತನ. ಮತ್ತೆ ಮತ್ತೆ ಮಾಡಬೇಕಾದದ್ದೆಲ್ಲ ಹೊರೆಯೆಂದರೆ, ಅನ್ನ ಬೇಯಿಸುವುದೂ ಮಕ್ಕಳ ತಲೆ ಬಾಚುವುದೂ ಹೊರೆಯೇ ತಾನೆ? ಅವುಗಳಿಂದಲೇ ಅಲ್ಲವೆ ಮನೆ ಮನೆಯಾಗಿರುವುದು?

ಅತ್ತೆ ಈಗಿಲ್ಲ. ಪಾತಿ ಕೆದಕಿದಾಗ ಕಪ್ಪು ಚೂರುಗಳು ಮಾತ್ರ ಇನ್ನೂ ಸಿಗುತ್ತವೆ. ಮೊನ್ನೆ ಮೊಮ್ಮಗಳು ಒಂದನ್ನು ಹೆಕ್ಕಿ ತಂದು, "ಅಜ್ಜೀ, ಇದನ್ನ ಇಲ್ಲಿ ಯಾರು ಹಾಕಿದ್ದು?" ಎಂದು ಕೇಳಿದಳು.

"ನಾನೇ ಕಣೆ" ಎಂದೆ.